ಉದ್ದಪ್ಪನ ಫೋಟೋಕ್ಕೆ ಬಿದ್ದ ಹಾರ

ಫೋಟೋ ಸ್ಪರ್ಧೆಗೆ ಕಳಿಸುವುದು ತಕ್ಕ ಕೆಲಸವೋ ಅಲ್ಲವೋ ಎಂದು ದೀಪಾ ಹನ್ನೊಂದು ಸಲ ಯೋಚಿಸಿದ್ದಳು. ಹನ್ನೊಂದು ಸಲವೂ ಬೇಡವೆಂದು ತೀರ್ಮಾನಿಸಿದ್ದಳು. ಹನ್ನೊಂದು ಸಲವೂ ಕೊನೆಯ ದಿನ ಕಳಿಸಿಬಿಟ್ಟಿದ್ದಳು.

ಬೇಡವೆನ್ನಲು ಅವಳಿಗೆ ಕಾರಣ ಕಲಿಸಿಕೊಟ್ಟವರು ಹುಕ್ಕೇರಿಯ ಆಬಾಸಾಹೇಬರು. ಬಸ್ ಸ್ಟ್ಯಾಂಡಿನ ಹತ್ತಿರ ನಲವತ್ತು ವರ್ಷದಿಂದ ಸ್ಟುಡಿಯೋ ನಡೆಸಿದ ಜೈನರ ಹಿರಿಯ. ದೀಪಾಳ ಕೈಗೆ ಮೊದಲ ಸಲ ಕ್ಯಾಮೆರಾ ಕೊಟ್ಟವರೂ ಅವರೇ. "ನೋಡ ಬಾಳಾ," ಎಂದು ಅವರು, ಮಗುವಿಗೆ ಮರಾಠಿಯಲ್ಲಿ ಬಾಳಾ ಎನ್ನುತ್ತ, ಅರ್ಧ ಮರಾಠಿ ರಾಗದಲ್ಲಿ ಹೇಳುತ್ತಿದ್ದರು, "ಫೋಟೋ ತಗಿಸ್ಕೊಂಡಾಂವ ಅದನ್ನ ನೋಡಿ ನಕ್ಕಾ ಅಂದ್ರ ನೀ ಪಾಸು. ನಡುವ ಮತ್ತೊಬ್ಬ ಜಡ್ಜ್ ಯಾಕ ಬೇಕು? ಅಂವಗ ನಮ್ಮ ಬಿಸಲು ಗೊತ್ತೈತೇನು, ನಮ್ಮ ಮಂದಿ ಗೊತ್ತದಾರೇನು?"

ಮಾತು ಖರೆ. ಆದರೆ ದೀಪಾಳಿಗೆ ಬೇರೆಯೇ ಒಂದು ಹಸಿವಿತ್ತು. ಮೂಡಲಗಿಯಲ್ಲಿ ಅವಳದೇ ಒಂದು ಸಣ್ಣ ಸ್ಟುಡಿಯೋ. ಆಧಾರ್ ಕಾರ್ಡಿನ ಫೋಟೋ, ಬಸುರಿಯರ ಕುಬಸ, ಕೂಸಿನ ತೊಟ್ಟಿಲು, ಮದುವೆಯ ಅರಿಶಿಣ. ಹೆಂಗಸರ ಕಾರ್ಯಕ್ರಮಕ್ಕೆ ಹೆಣ್ಣು ಫೋಟೋಗ್ರಾಫರೇ ಬೇಕೆಂದು ಹುಡುಕಿಕೊಂಡು ಬರುತ್ತಿದ್ದರು. ಆದರೆ ಬಂದವರೆಲ್ಲ ನೋಡುವುದು ತಮ್ಮ ಮೂಗನ್ನು ಮಾತ್ರ. ಒಬ್ಬಳಿಗೆ ಮೂಗು ದಪ್ಪ ಬಂದಿರುತ್ತದೆ, ಇನ್ನೊಬ್ಬಳಿಗೆ ಸೀರೆಯ ಬಣ್ಣ ಇಳಿದಿರುತ್ತದೆ. ಕಿಟಕಿಯಿಂದ ಬಿದ್ದ ಬೆಳಕು ಬಸುರಿಯ ಕುತ್ತಿಗೆಯ ಮೇಲೆ ಹೇಗೆ ಕೂತಿದೆ ಎಂದು ನೋಡುವವರು ಮೂಡಲಗಿ ತಾಲೂಕಿನಲ್ಲಿ ಒಬ್ಬರೂ ಇರಲಿಲ್ಲ. ಗೊತ್ತಿದ್ದವರೊಬ್ಬರು ತನ್ನ ಫೋಟೋವನ್ನು ಒಂದು ನಿಮಿಷ ಸುಮ್ಮನೆ ನೋಡಬೇಕು, ಅಷ್ಟೇ ಅವಳ ಆಸೆ. ಅದಕ್ಕೇ ಕಳಿಸುತ್ತಿದ್ದಳು.

ಹನ್ನೊಂದರಲ್ಲಿ ಹತ್ತು ಕಡೆಯಿಂದ ಬಂದದ್ದು 'ಭಾಗವಹಿಸಿದ್ದಕ್ಕೆ ಧನ್ಯವಾದ' ಎಂಬ ಸರ್ಟಿಫಿಕೇಟು. ಒಂದು ಕಡೆಯಿಂದ ಮಾತ್ರ ಯಾರೋ ತೀರ್ಪುಗಾರರು ಎರಡು ಸಾಲು ಬರೆದಿದ್ದರು: "ಚಿತ್ರದ ಅಂಚು ಸ್ವಚ್ಛವಾಗಿರಲಿ. ಬೇಡದ್ದನ್ನು ಬಿಡುವುದನ್ನು ಕಲಿಯಿರಿ." ದೀಪಾ ಅದನ್ನು ಚೀಟಿಯಲ್ಲಿ ಬರೆದು ಕಂಪ್ಯೂಟರಿನ ತಲೆಗೆ ಅಂಟಿಸಿಕೊಂಡಿದ್ದಳು. ಮುಂದೆ ಆದ ಅನಾಹುತಕ್ಕೆ ಬೀಜ ಬಿದ್ದದ್ದು ಅಲ್ಲಿಯೇ.

ಕುಲಗೋಡದ ಅವಳ ಮನೆಯಲ್ಲಿ ಇದ್ದವರು ಮೂರೇ ಜನ. ಅಜ್ಜ ಉದ್ದಪ್ಪ, ಆಯಿ ಸೀತವ್ವ, ದೀಪಾ. ಅಪ್ಪನ ತಾಯಿಯನ್ನು ಆ ಕಡೆ ಆಯಿ ಎಂದೇ ಕರೆಯುತ್ತಾರೆ. ಗೋಡೆಯ ಮೇಲೆ ಎರಡೇ ಫೋಟೋ, ಬುದ್ಧನದೊಂದು, ಬಾಬಾಸಾಹೇಬರದೊಂದು. ಮನೆಯವರದು ಒಂದೂ ಇಲ್ಲ. ದೀಪಾಳ ಅಪ್ಪ ದುರ್ಗಪ್ಪ ಕಬ್ಬಿನ ಲಾರಿಯ ಡ್ರೈವರ್ ಆಗಿದ್ದ. ಹೊಸ ಅಂಗಿ ತೊಟ್ಟು ಒಂದು ಫೋಟೋ ತೆಗೆಸಿ, ಕಟ್ಟು ಹಾಕಿಸಿ, ತಾನೇ ಮೊಳೆ ಹೊಡೆದು ಗೋಡೆಗೆ ತೂಗುಹಾಕಿದ್ದ. ಎರಡು ತಿಂಗಳೊಳಗೆ ಲಾರಿ ಮಗುಚಿ ಹೋದ. ಸೀತವ್ವ ಆ ಫೋಟೋವನ್ನು ಇಳಿಸಿ, ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ಘಟಪ್ರಭೆಗೆ ಬಿಟ್ಟು ಬಂದಳು. ಆಗ ದೀಪಾಳಿಗೆ ನಾಲ್ಕು ವರ್ಷ. ತಾಯಿ ತವರಿಗೆ ಹೋಗಿ ಮತ್ತೊಂದು ಮದುವೆಯಾದಳು. ಅಪ್ಪನ ಮುಖ ಹೇಗಿತ್ತೆಂದು ತೋರಿಸಲು ಒಂದು ಕಾಗದದ ಚೂರೂ ಉಳಿಯಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಒಂದು ಕಾಯಿದೆ.

"ಜೀವ ಇದ್ದಾವನ್ನ ಒಬ್ಬನ್ನ ಚೌಕಟ್ಟಿನ್ಯಾಗ ಕುಂಡ್ರಸಬಾರದು," ಎನ್ನುತ್ತಿದ್ದಳು ಸೀತವ್ವ. "ಇಬ್ಬರಿದ್ರ ನಡೀತೈತಿ. ಒಬ್ಬನ್ನ ಏರಿಸಿದ್ರ ಅಂವ ಇಳದು ಹೊಕ್ಕಾನ."

ಇಂಥ ಮನೆಯ ಹುಡುಗಿ ಫೋಟೋಗ್ರಾಫರ್ ಆದಳು. ಹಣೆಬರಹಕ್ಕೆ ಹೊಣೆ ಯಾರು?

ಎಪ್ಪತ್ತಾರರ ಉದ್ದಪ್ಪನ ಎರಡೂ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಗೋಡೆಗೆ ತೂಗಿದ ಕನ್ನಡಿಯಲ್ಲಿ ಅವನಿಗೆ ತನ್ನ ಮುಖ ಕಾಣುತ್ತಿರಲಿಲ್ಲ. ಆದರೆ ಎರಡು ದಿನಕ್ಕೊಮ್ಮೆ ಗಡ್ಡ ಬೋಳಿಸದಿದ್ದರೆ ಅನ್ನ ಇಳಿಯುತ್ತಿರಲಿಲ್ಲ. ಹಾಗಾಗಿ ಸೀತವ್ವ ಕಟ್ಟಿಗೆ ಚೌಕಟ್ಟಿನ ಹಳೆಯ ಕನ್ನಡಿಯನ್ನು ಅವನ ಮೂಗಿನ ಹತ್ತಿರವೇ ಹಿಡಿದು ನಿಲ್ಲುತ್ತಿದ್ದಳು. ಹಿಡಿದಷ್ಟೂ ಹೊತ್ತು ಬೈಯುತ್ತಿದ್ದಳು. ಒಂದು ಬೆಳಗ್ಗೆ ಅಂಗಳದಲ್ಲಿ ಎಳೆ ಬಿಸಿಲು ಬಿದ್ದಾಗ ದೀಪಾ ಅದನ್ನು ಕಂಡಳು. ಕನ್ನಡಿಯೊಳಗೆ ಅಜ್ಜನ ಮುಖ, ಒಂದು ಗಲ್ಲಕ್ಕೆ ಸಾಬೂನಿನ ನೊರೆ, ಇನ್ನೊಂದು ಗಲ್ಲ ನುಣ್ಣಗೆ. ಕಟ್ಟಿಗೆಯ ಚೌಕಟ್ಟನ್ನು ಬಲಗಡೆಯಿಂದ ಹಿಡಿದ ಆಯಿಯ ಕೈ, ಅದರ ತುಂಬ ಹಸಿರು ಬಳೆ. ದೀಪಾ ಕ್ಯಾಮೆರಾ ತರಲು ಓಡಿದಳು.

"ತಗೀ," ಎಂದಳು ಸೀತವ್ವ, ಅಪರೂಪಕ್ಕೆ. "ಆದ್ರ ನನ್ನ ಕೈ ಇರ್ಲಿ. ಒಬ್ಬನ್ನ ತಗೀಬ್ಯಾಡ ಮತ್ತ."

"ಇರ್ತೈತಿ ಆಯಿ," ಎಂದಳು ದೀಪಾ. ಹೇಳಿದ ಗಳಿಗೆಯಲ್ಲಿ ಅದು ಸುಳ್ಳಾಗಿರಲಿಲ್ಲ.

ಗೋಕಾಕದ ಒಂದು ಕಲಾಸಂಘ ಜಿಲ್ಲಾ ಮಟ್ಟದ ಸ್ಪರ್ಧೆ ಇಟ್ಟಾಗ ದೀಪಾ ಆ ಫೋಟೋ ತೆರೆದು ಕೂತಳು. ಕಂಪ್ಯೂಟರಿನ ತಲೆಯ ಮೇಲೆ ಚೀಟಿ: ಅಂಚು ಸ್ವಚ್ಛವಾಗಿರಲಿ. ಅಂಚಿನಲ್ಲಿ ಆ ಕೈ. ಕೂಸಿನ ಫೋಟೋ ತೆಗೆಯುವಾಗ ಹಿಂದಿನಿಂದ ಹಿಡಿದುಕೊಂಡ ತಾಯಿಯ ಕೈಯನ್ನು ಅಳಿಸಿ ಕೂಸನ್ನಷ್ಟೇ ಉಳಿಸುವುದು ಸ್ಟುಡಿಯೋದ ದಿನನಿತ್ಯದ ಕೆಲಸ. ದೀಪಾ ಅಂಥ ಸಾವಿರ ಕೈ ಅಳಿಸಿದ್ದಳು. ಬೆರಳು ತನ್ನಷ್ಟಕ್ಕೆ ತಾನೇ ಓಡಿತು. ಬಲಗಡೆಯನ್ನು ಕತ್ತರಿಸಿದಳು. ಚೌಕಟ್ಟಿನ ಮೇಲೆ ಉಳಿದ ಎರಡು ಬೆರಳ ತುದಿಯನ್ನು ಒರೆಸಿದಳು. ಬಣ್ಣ ತೆಗೆದು ಕಪ್ಪುಬಿಳುಪು ಮಾಡಿದಳು. ಈಗ ಉಳಿದದ್ದು ಕಟ್ಟಿಗೆಯ ಚೌಕಟ್ಟು, ಅದರೊಳಗೆ ಒಬ್ಬನೇ ಉದ್ದಪ್ಪ. ಚಿತ್ರ ಬಿಗಿಯಾಯಿತು, ಕಣ್ಣು ನೇರವಾಗಿ ಮುಖಕ್ಕೇ ಹೋಗುತ್ತಿತ್ತು. ಆಯಿಗೆ ಕೊಟ್ಟ ಮಾತು ನೆನಪಾಗಲಿಲ್ಲವೆಂದಲ್ಲ. ನೆನಪಾಯಿತು. 'ಮನ್ಯಾಗ ಹಾಕೂದಲ್ಲಲಾ' ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಕಳಿಸಿದಳು.

ಮೊದಲ ಬಹುಮಾನ ಬಂತು.

ಕಾರ್ಯಕ್ರಮದ ದಿನವೇ ಉದ್ದಪ್ಪನಿಗೆ ಹುಕ್ಕೇರಿಯಲ್ಲಿ ಕಣ್ಣಿನ ತಪಾಸಣೆ. ಬೆಳಗಿನ ಮೊದಲ ಬಸ್ಸಿಗೆ ಹೊರಟವನು ಮೊಮ್ಮಗಳ ತಲೆ ಸವರಿ, "ನನ್ನ ಮಾರಿಗೂ ನಂಬರ್ ಬಂತಲ್ಲವಾ! ಹೊಳ್ಳಿ ಬರುವಾಗ ಆಬಾಸಾಹೇಬರಿಗೆ ಹೇಳೇ ಬರ್ತೀನಿ," ಎಂದು ಹೋದ. ಆಯಿಗೆ ಹೇಳಬೇಡವೆಂದು ದೀಪಾ ಅವನಿಗೆ ಮೊದಲೇ ಹೇಳಿದ್ದಳು. ಸೀತವ್ವನಿಗೆ ಗೋಕಾಕದಲ್ಲಿ ಏನೋ ಫೋಟೋದ ಕೆಲಸ ಎಂದಷ್ಟೇ ಗೊತ್ತು.

ಸಭಾಭವನ ತುಂಬಿತ್ತು. ವೇದಿಕೆಯ ಪಕ್ಕದಲ್ಲಿ ಸ್ಟ್ಯಾಂಡಿನ ಮೇಲೆ ಮೂರಡಿ ಎತ್ತರದ ಉದ್ದಪ್ಪ. ದೀಪಾಳ ಹೆಸರು ಕರೆದರು, ಊರು ಹೇಳಿದರು, ಅಜ್ಜನ ಹೆಸರನ್ನೂ ಹೇಳಿದರು. ಅವಳು ಮೇಲೆ ಹೋದಳು. ಮುಖ್ಯ ಅತಿಥಿಗಳು ಫೋಟೋದ ಮುಂದೆ ನಿಂತು ನೋಡಿದರು. ಒಂದು ನಿಮಿಷ ಪೂರ್ತಿ ಸುಮ್ಮನೆ ನೋಡಿದರು. ಆರು ವರ್ಷದಿಂದ ಕಾದ ನಿಮಿಷ ಇದೇ ಎಂದು ದೀಪಾಳ ಕಣ್ಣು ತುಂಬಿ ಬಂತು.

ಆಮೇಲೆ ಆ ದೊಡ್ಡ ಮನುಷ್ಯರು ತಮಗೆ ಹಾಕಿದ್ದ ಗಂಧದ ಹಾರವನ್ನು ಕೊರಳಿನಿಂದ ತೆಗೆದು, "ಈ ಸನ್ಮಾನ ನನಗಲ್ಲ, ಈ ಶ್ರಮಜೀವಿಗೆ ಸಲ್ಲಬೇಕು!" ಎಂದು ಮೈಕಿನಲ್ಲಿ ಹೇಳಿ, ಉದ್ದಪ್ಪನ ಫೋಟೋಕ್ಕೆ ಹಾಕಿಬಿಟ್ಟರು.

ಚಪ್ಪಾಳೆ ಬಿದ್ದವು. ದೀಪಾ ಫೋಟೋದ ಕಡೆ ತಿರುಗಿದಳು. ಕಪ್ಪುಬಿಳುಪಿನ ಮುಖ, ಕಟ್ಟಿಗೆಯ ಚೌಕಟ್ಟು, ಮೇಲೆ ಗಂಧದ ಹಾರ. ಇದು ಎಲ್ಲಿಯ ಚಿತ್ರವೆಂದು ನಮ್ಮ ನಾಡಿನಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಕೈ ಚಾಚಿ ತೆಗೆಯಬೇಕೆಂದುಕೊಂಡಳು. ಅಷ್ಟು ದೊಡ್ಡವರು ಹಾಕಿದ್ದನ್ನು ಎದುರಿಗೇ ತೆಗೆದರೆ ಏನೆಂದಾರು? ಚಾಚಬೇಕಾದ ಕೈ ತಾನಾಗಿ ಮುಗಿಯಿತು. ತುಂಬಿದ ಕಣ್ಣು, ಮುಗಿದ ಕೈ, ಪಕ್ಕದಲ್ಲಿ ಹಾರ ಹೊತ್ತ ಅಜ್ಜ. ಕೆಳಗೆ ಮೂವತ್ತು ಮೊಬೈಲು ಒಟ್ಟಿಗೆ ಮೇಲೆದ್ದವು.

ಸಂಘದ ಕಾರ್ಯದರ್ಶಿ ಮಹಾಂತೇಶ ಓಡಿ ಬಂದು ಕೈಗೆ ಒಂದು ಫಾರ್ಮ್ ಕೊಟ್ಟ. "ಇದ ಫೋಟೋ ಬೆಂಗಳೂರಿನ ರಾಜ್ಯ ಸ್ಪರ್ಧೆಕ್ಕ ಹೊಕ್ಕೈತ್ರಿ ಮೇಡಂ. ನಿಮ್ಮ ಸಹಿ ಬೇಕು. ಇವತ್ತ ಸಂಜಿ ಆರಕ್ಕ ಕಡೀ ಟೈಮ್. ಸಹಿ ಮಾಡಿ ಫಾರ್ಮಿನ ಫೋಟೋ ಹೊಡದು ನನಗ ಕಳಸಿಬಿಡ್ರಿ." ದೀಪಾ ಫಾರ್ಮನ್ನು ಚೀಲಕ್ಕೆ ಹಾಕಿಕೊಂಡು ಊಟದ ಸಾಲಿಗೆ ನಿಂತಳು.

ಒಂದೂಕಾಲಿಗೆ ಮೊಬೈಲು ರಿಂಗಾಯಿತು. ನಿಪ್ಪಾಣಿಯಲ್ಲಿ ನೌಕರಿಗಿದ್ದ ಕಾಕಾನ ಮಗ ಸ್ವಪ್ನಿಲ್.

"ಅಕ್ಕಾ," ಎಂದವನ ಧ್ವನಿ ಒಡೆಯಿತು. "ಯಾವಾಗ ಆತು? ನನಗೊಂದು ಫೋನ್ ಮಾಡಬಾರದೇನ? ನಾ ರಜಾ ಹಾಕಿ ಹೊಂಟೇನಿ."

"ಏನ್ ಆತು?"

"ಅಜ್ಜಾ..." ಎಂದು ಅವನು ಅಳತೊಡಗಿದ.

ದೀಪಾ ವಾಟ್ಸ್ಆ್ಯಪ್ ತೆರೆದಳು. ವೇದಿಕೆಯ ಫೋಟೋ ಅದಾಗಲೇ ಊರೂರು ತಿರುಗಿತ್ತು. ಮೊದಲು ಹಾಕಿದವನು ಪಾಪ 'ಕುಲಗೋಡದ ಉದ್ದಪ್ಪ ಅಜ್ಜನವರಿಗೆ ಗೌರವ' ಎಂದು ಸರಿಯಾಗಿಯೇ ಬರೆದಿದ್ದ. ಎರಡನೆಯ ಗುಂಪಿನಲ್ಲಿ ಯಾರೋ ಕೈ ಮುಗಿದ ಚಿತ್ರ ಸೇರಿಸಿದ್ದರು. ಮೂರನೆಯ ಗುಂಪಿಗೆ ಬರುವಷ್ಟರಲ್ಲಿ ಅದು 'ಭಾವಪೂರ್ಣ ಶ್ರದ್ಧಾಂಜಲಿ' ಆಗಿತ್ತು. ಮೊಬೈಲಿನ ಸಣ್ಣ ಪರದೆಯಲ್ಲಿ ಸಾಬೂನಿನ ನೊರೆ ಬಿಳಿ ಗಡ್ಡದ ಹಾಗೆ ಕಾಣುತ್ತಿತ್ತು. ಪಕ್ಕದಲ್ಲಿ ಅಳುತ್ತ ನಿಂತ ಮೊಮ್ಮಗಳು. ಇನ್ನೇನು ಸಾಕ್ಷಿ ಬೇಕು?

ಅವಳು ತಟ್ಟೆಯನ್ನು ಅಲ್ಲಿಯೇ ಇಟ್ಟು ಅಜ್ಜನಿಗೆ ಫೋನ್ ಹಚ್ಚಿದಳು. ಬಂದ್. ಮಾತು ಮುಗಿದ ಕೂಡಲೇ ಫೋನನ್ನು ಬಂದ್ ಮಾಡಿ ಅಂಗಿಯ ಒಳಕಿಸೆಗೆ ಹಾಕುವುದು ಉದ್ದಪ್ಪನ ಪದ್ಧತಿ. ಚಾಲೂ ಇಟ್ಟರೆ ಸವೆಯುತ್ತದೆಂದು ಅವನ ಲೆಕ್ಕ. ಸೀತವ್ವನ ಬಳಿ ಫೋನೇ ಇಲ್ಲ. ಓಣಿಯ ಪಾರವ್ವನಿಗೆ ಹಚ್ಚಿದಳು, ಬಿಜಿ. ಮತ್ತೆ ಹಚ್ಚಿದಳು, ಬಿಜಿ. ಸ್ಕೂಟಿ ಚಾಲೂ ಮಾಡಿದಳು.

ಸೀತವ್ವನ ಮುಂದೆ ಈಗ ಏನು ನಡೆಯುತ್ತಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ಗಂಡ ಸತ್ತವಳ ಬಳೆ ಒಡೆಯುವ ಪದ್ಧತಿ ಬಿಟ್ಟಿದ್ದೇವೆ ಎಂದು ಓಣಿಯ ಗಂಡಸರು ಸಮಾಜ ಮಂದಿರದಲ್ಲಿ ಠರಾವು ಮಾಡಿದ್ದರು. ಹೆಂಗಸರನ್ನು ಯಾರೂ ಕೇಳಿರಲಿಲ್ಲ. ಯಾರ ಮನೆಯಲ್ಲಿ ಸಾವಾದರೂ ಮುದುಕಿ ಕಾಶೆವ್ವ ಮೊದಲು ಬಂದು ಕೂಡುತ್ತಿದ್ದಳು, ಹೆಣ ಎತ್ತುವ ಮುಂಚೆ ಬಳೆ ಒಡೆಸಿಯೇ ಏಳುತ್ತಿದ್ದಳು. ಗಂಡ ಬದುಕಿರುವಾಗಲೇ ಆಯಿಯ ಬಳೆ ಒಡೆದರೆ? ಮಗನ ಫೋಟೋಕ್ಕೇ ಇಪ್ಪತ್ತೈದು ವರ್ಷ ಹೆದರಿದವಳು ಇದನ್ನು ತಾಳುತ್ತಾಳೆಯೇ? ಎದೆ ಒಡೆದುಕೊಂಡರೆ?

ಗೋಕಾಕ ದಾಟಿ ಸ್ವಲ್ಪ ದೂರಕ್ಕೆ ಕಬ್ಬಿನ ಟ್ರ್ಯಾಕ್ಟರು ಅಡ್ಡ ಸಿಕ್ಕಿತು. ಹಿಂದೆ ಎರಡು ಟ್ರೇಲರು, ರಸ್ತೆಯ ಎರಡೂ ಬದಿಗೆ ಚಾಚಿದ ಕಬ್ಬು, ಒಳಗೆ ಕಿವಿ ಹರಿಯುವ ಹಾಡು. ಹಾರ್ನ್ ಹೊಡೆದು ಹೊಡೆದು ಹೆಬ್ಬೆರಳು ನೋಯತೊಡಗಿತು. ಅಷ್ಟರಲ್ಲಿ ಪಾರವ್ವನೇ ಫೋನ್ ಮಾಡಿದಳು. ಹಿಂದೆ ಅಳುವ ಧ್ವನಿಗಳು.

"ಪಾರವ್ವ ಚಿಗವ್ವಾ, ಅಜ್ಜಾ ಸತ್ತಿಲ್ಲ!" ಎಂದು ಕೂಗಿದಳು ದೀಪಾ, ಸ್ಕೂಟಿಯನ್ನು ಬದಿಗೆ ನಿಲ್ಲಿಸಿ.

"ಹೌದವಾ, ಹೌದು," ಎಂದು ಪಾರವ್ವ ಬಿಕ್ಕಿದಳು. "ಅಂಥಾ ಮನಷ್ಯಾರು ಸಾಯೂದಿಲ್ಲವಾ, ಎಲ್ಲಾರ ಮನಸಿನ್ಯಾಗ ಇರ್ತಾರ."

"ಅಯ್ಯ, ಹಂಗಲ್ಲ! ಖರೇನ ಸತ್ತಿಲ್ಲ! ಹುಕ್ಕೇರಿಗೆ ಹೋಗ್ಯಾನ, ಕಣ್ಣ ತೋರಸಾಕ!"

"ಧೈರ್ಯಾ ತಗೋ ನನ ಕೂಸ. ನೀನ ಹಿಂಗ ಮಾಡಿದ್ರ ಮುದಕೀನ್ನ ಹಿಡಿಯವ್ರ ಯಾರು? ನಾಗನೂರಾಗಿಂದ ಬೀಗರು ಟಂಟಂ ಗಾಡಿ ಮಾಡ್ಕೊಂಡು ಹೊಂಟಾರ. ಹೆಣಾ ಎಲ್ಲೀಗಿ ಬಂತು, ಅಷ್ಟ ಹೇಳು."

"ಆಯಿ ಕೈಗೆ ಫೋನ್ ಕೊಡ್ರಿ!"

"ಈಗ ಬ್ಯಾಡವಾ," ಎಂದು ಪಾರವ್ವ ಇಟ್ಟೇಬಿಟ್ಟಳು. ಮತ್ತೆ ಹಚ್ಚಿದರೆ ಬಿಜಿ. ಅವಳು ಇನ್ಯಾರಿಗೋ ಸುದ್ದಿ ಮುಟ್ಟಿಸುತ್ತಿದ್ದಳು.

ದೀಪಾ ಆಬಾಸಾಹೇಬರಿಗೆ ಹಚ್ಚಿದಳು. ಮೊದಲ ರಿಂಗಿಗೇ ಎತ್ತಿದರು.

"ಕಾಕಾ, ನಮ್ಮ ಅಜ್ಜಾ..."

"ನೋಡಿದೆ," ಎಂದರು ಆಬಾಸಾಹೇಬರು. "ನನಗೂ ಮೂರ ಮಂದಿ ಕಳಸ್ಯಾರ. ಸತ್ತಾವಗ ಒಂದ ಗಲ್ಲಕ್ಕ ಅಷ್ಟ ಗಡ್ಡಾ ಹೆಂಗ ಬೆಳದೀತು ಅಂತ ಒಬ್ಬನರ ವಿಚಾರ ಮಾಡ್ಯಾನೇನು? ಸಾಬಾಣ ಅದು. ಎಲ್ಲದಾನ ಉದ್ದಪ್ಪ?"

"ನಿಮ್ಮ ಊರಾಗ ಅದಾನ್ರಿ. ಕಣ್ಣಿನ ದವಾಖಾನಿಗೆ ಬಂದಾನ. ಫೋನ್ ಬಂದ್ ಇಟ್ಟಾನ. ಹುಡಕ್ರಿ ಕಾಕಾ, ಕೈ ಮುಗೀತೀನಿ. ಅವನ ಧ್ವನಿ ಕೇಳಿಸಲಿಲ್ಲಂದ್ರ ಅಲ್ಲಿ ಯಾರೂ ನಂಬೂದಿಲ್ಲ."

"ನಾ ಹೊಂಟೆ. ನೀ ಗಾಡಿ ಸಾವಕಾಶ ಹೊಡಿ ಬಾಳಾ."

ಸಾವಕಾಶ ಹೊಡೆಯುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಟ್ರ್ಯಾಕ್ಟರಿನ ಬದಿಯ ಮಣ್ಣಿಗೆ ಇಳಿದು, ಕಬ್ಬಿನ ಗರಿ ಕೆನ್ನೆಗೆ ಗೀರಿದರೂ ಬಿಡದೆ ದಾಟಿದಳು. ದಾಟಿದ ಮೇಲೆ ಇನ್ನೊಂದು ಹೆದರಿಕೆ ಬಂದು ಹಿಂದಿನ ಸೀಟಿನಲ್ಲಿ ಕೂತಿತು. ಅಜ್ಜ ಬದುಕಿದ್ದಾನೆಂದು ತನಗೆ ಹೇಗೆ ಗೊತ್ತು? ಬೆಳಗ್ಗೆ ಆರಕ್ಕೆ ಕಂಡದ್ದು. ಅಪ್ಪನೂ ಬೆಳಗ್ಗೆ ಚೆನ್ನಾಗಿಯೇ ಹೋಗಿದ್ದ. ಒಬ್ಬನನ್ನೇ ಚೌಕಟ್ಟಿನಲ್ಲಿ ಕೂರಿಸಿ, ಹಾರ ಹಾಕಿಸಿ, ಕೈ ಮುಗಿದು ಬಂದವಳು ತಾನು. ಕಣ್ಣು ಕಾಣದ ಮುದುಕ, ಹುಕ್ಕೇರಿಯ ರಸ್ತೆ, ಬಸ್ಸುಗಳು. ಇಂಥದ್ದನ್ನೆಲ್ಲ ನಂಬಬಾರದೆಂದು ಬುದ್ಧಿ ಹೇಳುತ್ತಿತ್ತು. ಕೈ ಮಾತ್ರ ಆಕ್ಸಿಲರೇಟರನ್ನು ಇನ್ನಷ್ಟು ತಿರುವುತ್ತಿತ್ತು.

ಓಣಿಗೆ ಮುಟ್ಟಿದಾಗ ಎರಡೂವರೆ. ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಗಳು ಬಂದಿದ್ದವು, ಗಂಡಸರು ಬಿಸಿಲಿಗೆ ತಾಡಪತ್ರಿ ಕಟ್ಟುತ್ತಿದ್ದರು. ಅವಳನ್ನು ಕಂಡು ಎಲ್ಲರೂ ಎದ್ದು ದಾರಿ ಬಿಟ್ಟರು.

"ಅಜ್ಜಾ ಜೀವಂತ ಅದಾನ್ರಿ. ಅದು ಬಹುಮಾನದ ಹಾರಾ," ಎಂದಳು ದೀಪಾ, ಒಬ್ಬೊಬ್ಬರ ಮುಖ ನೋಡುತ್ತ. ಅವರು ತಲೆ ತಗ್ಗಿಸಿದರು. ಒಬ್ಬ ಹಿರಿಯ ಅವಳ ಭುಜ ತಟ್ಟಿ, "ಒಳಗ ಹೋಗವಾ, ನೀರ ಕುಡಿ," ಎಂದ.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಹೆಂಗಸರ ನಡುವೆ ಸೀತವ್ವ ಗೋಡೆಗೆ ಒರಗಿ ಕೂತಿದ್ದಳು. ಅವಳು ಅಳುತ್ತಿರಲಿಲ್ಲ. ಹಣೆಯ ಕುಂಕುಮ ಇತ್ತು. ಮುಂದಿನ ನೆಲದ ಮೇಲೆ ಹಸಿರು ಬಳೆಯ ಚೂರುಗಳು ಬಿದ್ದಿದ್ದವು. ಎಲ್ಲವೂ ಹೋಗಿರಲಿಲ್ಲ, ಪಾರವ್ವ ಅಳುತ್ತ ಬಂದು ಕೈ ಹಿಡಿದು ಜಗ್ಗಿದ್ದಕ್ಕೆ ಎರಡು ಒಡೆದಿದ್ದವು. ಮಣಿಕಟ್ಟಿನಲ್ಲಿ ಸಣ್ಣದೊಂದು ಗೀರು. ಉಳಿದ ಬಳೆಗಳ ಮೇಲೆ ಇನ್ನೊಂದು ಕೈಯನ್ನು ಮುಚ್ಚಿಕೊಂಡು ಸೀತವ್ವ ಕೂತಿದ್ದಳು. ಪಕ್ಕದಲ್ಲೇ ಕಾಶೆವ್ವ.

"ಹೆಣಾ ಬರೂ ತನಕಾ ಯಾರೂ ಕೈ ಹಚ್ಚಬ್ಯಾಡ್ರಿ ಅಂದೀನಿ," ಎಂದಳು ಕಾಶೆವ್ವ, ದೊಡ್ಡ ಉಪಕಾರ ಮಾಡಿದವಳಂತೆ.

ಸೀತವ್ವನ ತೊಡೆಯ ಮೇಲೆ ಯಾರದೋ ಮೊಬೈಲು. ಅದರಲ್ಲಿ ಆ ಫೋಟೋ. ಮೊಮ್ಮಗಳು ಎದುರಿಗೆ ಕುಸಿದು ಕೂತಾಗ ಅವಳು ಮೊಬೈಲನ್ನು ಎತ್ತಿ ಹಿಡಿದಳು.

"ದೀಪಾ, ನನ್ನ ಕೈ ಎಲ್ಲಿ?"

"ಆಯಿ..."

"ಆಗಿಂದ ಇದನ್ನ ಕೇಳಾಕತ್ತಾಳವಾ," ಎಂದು ಪಾರವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ದುಃಖಕ್ಕ ತಲಿ ಕೆಟ್ಟಂಗ ಆಗೈತಿ. ಕೈಯಾಗನ ಕೈ ಇಟಗೊಂಡು ಕೈ ಎಲ್ಲಿ ಅಂತಾಳ."

"ನಾ ಕನ್ನಡಿ ಹಿಡದಿದ್ನಲ್ಲಾ," ಎಂದಳು ಸೀತವ್ವ. "ಇದು ನಮ್ಮ ಕನ್ನಡಿ. ಈ ಮೂಲಿ ಚೆಕ್ಕಿ ಎದ್ದದ್ದು ನಂದ ಕೈಯಾಗ ಬಿದ್ದು. ಬಾಜೂಕ ನನ್ನ ಕೈ ಇತ್ತು. ಎಲ್ಲಿ ಹೋತು?"

ಓಣಿಯವರೆಲ್ಲ ಹಾರ ನೋಡಿದ್ದರು. ಗೋಕಾಕದ ಸಭೆ ಮುಖ ನೋಡಿತ್ತು. ಸೀತವ್ವ ಒಬ್ಬಳೇ ಚಿತ್ರದಲ್ಲಿ ಇಲ್ಲದ್ದನ್ನು ನೋಡಿದ್ದಳು. ದೀಪಾಳಿಗೆ ಆಗ ಹೊಳೆಯಿತು: ಹಸಿರು ಬಳೆ ತುಂಬಿದ ಆ ಕೈ ಅಲ್ಲಿದ್ದಿದ್ದರೆ ಯಾವ ಅತಿಥಿಯೂ ಆ ಫೋಟೋಕ್ಕೆ ಗಂಧದ ಹಾರ ಹಾಕುತ್ತಿರಲಿಲ್ಲ. ಹಾಕಿದ್ದರೂ ಈ ನಾಡಿನಲ್ಲಿ ಯಾರೂ ಉದ್ದಪ್ಪ ಸತ್ತನೆಂದು ನಂಬುತ್ತಿರಲಿಲ್ಲ.

"ನಾನ ತಗದೆ ಆಯಿ," ಎಂದಳು. "ಸ್ಪರ್ಧೆಕ್ಕ ಕಳಸಾಕ. ಅಂಚಿನ್ಯಾಗ ಬ್ಯಾಡ ಅನಸ್ತು. ಅಳಸಿದೆ. ಅಜ್ಜಾ ಸತ್ತಿಲ್ಲ. ಅದಕ್ಕ ಮೊದಲ್ನೇ ನಂಬರ್ ಬಂತು, ಅದಕ್ಕ ಹಾರಾ ಹಾಕಿದ್ರು. ತಪ್ಪಾತು."

ಹೆಂಗಸರ ಅಳು ಒಂದೊಂದಾಗಿ ನಿಂತಿತು. ಸೀತವ್ವ ಮೊಮ್ಮಗಳನ್ನೇ ನೋಡುತ್ತಿದ್ದಳು. ನಂಬಿದಳೋ ಇಲ್ಲವೋ ಮುಖದಿಂದ ತಿಳಿಯುತ್ತಿರಲಿಲ್ಲ.

"ಒಬ್ಬನ್ನ ಮಾಡಿ ಕಳಸಿದ್ಯಾ?" ಎಂದಳು ಕಡೆಗೆ, ಬಲು ಮೆಲ್ಲಗೆ. ಹೊ‍ಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ದೀಪಾ ಅಲ್ಲಿಯೇ ಮುಖ ಮುಚ್ಚಿಕೊಂಡು ಅತ್ತಳು.

"ಅಂವ ಎಲ್ಲದಾನ ಹಂಗಾರ? ಫೋನ್ ಹಚ್ಚು," ಎಂದಳು ಕಾಶೆವ್ವ. ಫೋನ್ ಬಂದ್ ಎಂದರೆ ಮತ್ತೆ ಗುಸುಗುಸು ಎದ್ದಿತು. ಬದುಕಿರುವವನ ಫೋನು ಯಾಕೆ ಬಂದ್ ಇರುತ್ತದೆ? ಮೂರು ಗಂಟೆಯಾಯಿತು. ಹೊರಗೆ ಟಂಟಂ ನಿಂತ ಸಪ್ಪಳ, ನಾಗನೂರಿನ ಬೀಗರ ಅಳು. ಮೂರೂಕಾಲು. ಆಬಾಸಾಹೇಬರಿಂದ ಕರೆಯಿಲ್ಲ. ಸೀತವ್ವ ಬಳೆಗಳ ಮೇಲಿನ ಕೈಯನ್ನು ಇನ್ನಷ್ಟು ಬಿಗಿ ಹಿಡಿದಳು.

ಮೂರೂವರೆಗೆ ಮೊಬೈಲು ನಡುಗಿತು. ದೀಪಾ ಸ್ಪೀಕರ್ ಒತ್ತಿ ಆಯಿಯ ಬಾಯಿಯ ಹತ್ತಿರ ಹಿಡಿದಳು. ಆ ಕಡೆಯಿಂದ ಬಸ್ ಸ್ಟ್ಯಾಂಡಿನ ಗದ್ದಲ, ಅದರ ನಡುವೆ ಮುದಿ ಧ್ವನಿ:

"ಹಲೋ? ಯಾರದು? ಕಣ್ಣಾಗ ಏನ ಔಷಧಾ ಹಾಕ್ಯಾರ, ಏನೂ ಕಾಣವಲ್ತು. ಇಲ್ಲೆ ಬೆಂಚಿನ ಮ್ಯಾಲ ಕುಂತಿದ್ದೆ. ಆಬಾಸಾಹೇಬ್ರು ಬಂದು ಕೈ ಹಿಡದು ಅಳಾಕತ್ತಾರ. ಯಾಕಂತ?"

ಸೀತವ್ವನ ಬಾಯಿಂದ ಐವತ್ತು ವರ್ಷ ರೂಢಿಯಿದ್ದ ಮಾತೇ ಹೊರಬಿತ್ತು: "ಎಲ್ಲಿ ಸತ್ತಿದ್ಯೋ ಇಷ್ಟೊತ್ತನ್ನಾ!"

ಅಂದವಳು ತಕ್ಷಣ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಅತ್ತಳು, ಆ ದಿನ ಮೊದಲ ಸಲ. ಓಣಿಯ ಹೆಂಗಸರು ನಕ್ಕರು, ನಗುತ್ತ ಮತ್ತೆ ಅತ್ತರು. "ಸುಳ್ಳ ಸುದ್ದಿ ಹುಟ್ಟಿದ್ರ ಆಯುಷ್ಯ ಹೆಚ್ಚಾಗ್ತೈತಿ," ಎಂದು ಕಾಶೆವ್ವ ತೀರ್ಪು ಕೊಟ್ಟು, ಎದ್ದು ಸೆರಗು ಕೊಡವಿದಳು. ಬಂದವರಿಗೆ ಚಹಾ ಮಾಡಬೇಕಾಯಿತು.

ಐದೂವರೆಗೆ ಬೀಗರು ತಮ್ಮೂರಿಗೆ ಮರಳಿದರು, ಫೋನಿನಲ್ಲಿ ನಿಜ ತಿಳಿದ ಸ್ವಪ್ನಿಲ್ ಅರ್ಧ ದಾರಿಯಿಂದಲೇ ತಿರುಗಿದ, ಕುರ್ಚಿಗಳು ಹೋದವು. ಉದ್ದಪ್ಪ ಇನ್ನೂ ಬಸ್ಸಿನಲ್ಲಿದ್ದ. ದೀಪಾ ಚೀಲದಿಂದ ಫಾರ್ಮ್ ತೆಗೆದಳು. ಮಹಾಂತೇಶನದು ಆರು ಮಿಸ್ಡ್ ಕಾಲ್. ಅವಳು ಕಂಪ್ಯೂಟರಿನಿಂದ ಮೊಬೈಲಿಗೆ ಎಂದೋ ಹಾಕಿಕೊಂಡಿದ್ದ ಮೂಲ ಫೋಟೋವನ್ನು, ಕೈ ಇದ್ದದ್ದನ್ನು, ಅವನಿಗೆ ಕಳಿಸಿ ಫೋನ್ ಮಾಡಿದಳು.

"ಇದ ಯಾವ್ದ್ರಿ ಮೇಡಂ? ಬಾಜೂಕ ಒಂದು ಕೈ ಬಂದೈತಿ."

"ಅದನ್ನ ಕಳಸ್ತೀನ್ರಿ. ಮೊದಲಿನ್ದು ಬ್ಯಾಡ."

"ಹಂಗ ಬರೂದಿಲ್ರಿ. ಬಹುಮಾನ ಬಂದದ್ದು ಕೈ ಇಲ್ಲದ್ದಕ್ಕ. ಕೈ ಇದ್ರ ಚಿತ್ರ ಸಡಲ ಆಗ್ತೈತಿ, ನೋಡವ್ರ ಕಣ್ಣು ಹರದು ಹೊಕ್ಕೈತಿ. ಬೆಂಗಳೂರಿಗ್ರಿ ಮೇಡಂ! ಇನ್ನ ಇಪ್ಪತ್ತ ಮಿನಿಟ್ ಐತಿ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕೈ ಇದ್ದರೆ ಕಣ್ಣು ನಿಜಕ್ಕೂ ಹರಿದು ಹೋಗುತ್ತಿತ್ತು. ಆರು ವರ್ಷ, ಹನ್ನೆರಡು ಸ್ಪರ್ಧೆ; ಇಂಥ ಬಾಗಿಲು ಇನ್ನೊಮ್ಮೆ ತೆರೆಯುತ್ತದೋ ಇಲ್ಲವೋ. ಒಂದು ಸಹಿ ಹಾಕಿದರೆ ಮುಗಿಯಿತು. ದೀಪಾ ಒಲೆಯ ಮುಂದೆ ಕೂತ ಆಯಿಯ ಕಡೆ ನೋಡಿದಳು. ರೊಟ್ಟಿ ಬಡಿಯುವ ಬಲಗೈಯಲ್ಲಿ ಎರಡು ಬಳೆ ಕಡಿಮೆಯಿದ್ದವು.

"ಹಂಗಾದ್ರ ಬಿಡ್ರಿ," ಎಂದಳು. ಹೇಳುವಾಗ ಹೊಟ್ಟೆ ಉರಿಯಿತು. ಉರಿಯಲಿಲ್ಲವೆಂದರೆ ಸುಳ್ಳಾದೀತು.

ಸೀತವ್ವ ಎಲ್ಲ ಕೇಳಿಸಿಕೊಂಡಿದ್ದಳು. ರೊಟ್ಟಿ ಹಂಚಿಗೆ ಹಾಕಿ, ಕೈ ಒರೆಸಿಕೊಂಡು ಬಂದು ಮೊಬೈಲಿನ ಫೋಟೋವನ್ನು ಕಣ್ಣ ಹತ್ತಿರ ಹಿಡಿದಳು. ಬಹಳ ಹೊತ್ತು ನೋಡಿದಳು. ಗೋಕಾಕದ ಅತಿಥಿಗಿಂತ ಬಹಳ ಹೊತ್ತು.

"ಚಂದ ಬಂದೈತಿ," ಎಂದಳು. "ಬೆಳಗಿನ ಬಿಸಲು ಅವನ ಕಿವಿ ಮ್ಯಾಲ ಕುಂತೈತಿ, ನೋಡು. ನಿಮ್ಮಪ್ಪನ ಕಿವೀನೂ ಹಿಂಗ ಇತ್ತು. ಅವನ ಮಾರಿ ನನಗ ಈಗ ನೆಪ್ಪಾಗವಲ್ತು. ನಾನ ಹೊಳಿಗೆ ಬಿಟ್ಟೆ."

ದೀಪಾ ಹೋಗಿ ಹಂಚಿನ ಮೇಲಿನ ರೊಟ್ಟಿ ತಿರುವಿ ಬಂದಳು.

"ಕೈ ಇದ್ರ ನಂಬರ್ ಬರ್ತಿದ್ದಿಲ್ಲೇನ?"

"ಬರ್ತಿದ್ದಿಲ್ಲ ಆಯಿ."

"ಅಷ್ಟ ಮಂದಿ ಶ್ಯಾಣ್ಯಾರು ಕೂಡಿದ್ರಂತಿ. ಕಣ್ಣ ಕಾಣದ ಮುದಕಗ ಕನ್ನಡಿ ಹಿಡದವ್ರ ಯಾರು ಅಂತ ಒಬ್ಬರೂ ಕೇಳ್ಲಿಲ್ಲೇನ?"

ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿತು. ಸೀತವ್ವ ಸೆರಗು ಸರಿಪಡಿಸಿಕೊಂಡು ಬಾಗಿಲಿಗೆ ಹೋದಳು. ಔಷಧದ ಕಣ್ಣು ಕಿರಿದು ಮಾಡಿಕೊಂಡು, ಗೋಡೆ ತಡವುತ್ತ ಓಣಿಯಲ್ಲಿ ಬರುತ್ತಿದ್ದ ಉದ್ದಪ್ಪನ ಮುಂದೆ ಅವಳು ಕೈ ಚಾಚಿದಳು. ಅವನು ಬಳೆಯ ಸಪ್ಪಳ ಹಿಡಿದು ಆ ಕೈ ಹುಡುಕಿಕೊಂಡ.

"ಎರಡ ಕಡಿಮಿ ಅದಾವಲ್ಲ?" ಎಂದ ಮುದುಕ, ಮಣಿಕಟ್ಟು ಸವರುತ್ತ.